ಹಸಿ ಸೋಗೆ ಸುಡಲು ಪೆಟ್ರೋಲ್ ಸುರಿಯುವ ಭಾವನಿಗೆ ಏನು ಹೇಳೋದು?

ಸೋಗೆಮನೆ
ನಮ್ಮದು ಹೊಸನಗರ ಕಡೆ ಅಡಿಕೆ ತೋಟ. ಈ ಸಲ ಎಲೆಚುಕ್ಕಿ ರೋಗ ಜೋರಾಗಿದೆ. ರೋಗ ತಗುಲಿದ ಸೋಗೆ (ಅಡಿಕೆ ಮರದ ಗರಿ) ಕಡಿದು ಹೊರಗೆ ತಂದು ಸುಡಿ ಅಂತಾರೆ, ಸುಡ್ತಾ ಇದ್ದೇವೆ. ಕಷ್ಟ ಏನಂದ್ರೆ ಎಲ್ಲ ಹಸಿ. ಮಳೆ ಬೇರೆ ಪೂರ್ತಿ ಬಿಟ್ಟಿಲ್ಲ.

ಅಕ್ಕನ ಗಂಡ, ಅಂದ್ರೆ ನಮ್ಮ ಭಾವ, ಇದಕ್ಕೊಂದು ಸುಲಭದ ದಾರಿ ಹಿಡಿದಿದ್ದಾರೆ. ಹುಲ್ಲು ಹೊಡೆಯುವ ಮೆಷಿನ್ನಿಗೆ ಅಂತ ತಂದಿಟ್ಟ ಪೆಟ್ರೋಲನ್ನು ರಾಶಿ ಮೇಲೆ ಸುರಿಯುತ್ತಾರೆ. ಆಮೇಲೆ ಕ್ಯಾನಿನ ಮುಚ್ಚಳ ಹಾಕಿ, ಅದನ್ನು ಜಗಲಿ ಮೇಲಿಟ್ಟು, ಬೆಂಕಿಪೊಟ್ಟಣ ಹುಡುಕಿ ತಂದು ಕಡ್ಡಿ ಗೀರುತ್ತಾರೆ. ಮೊನ್ನೆ ಹೀಗೆ ಮಾಡಿದಾಗ ಧಡ್ ಅಂತ ಸದ್ದು. ಕೊಟ್ಟಿಗೆಯ ದನಗಳು ಹಗ್ಗ ಕಿತ್ತುಕೊಂಡವು. ಭಾವನ ಹುಬ್ಬು ಅರ್ಧ ಸುಟ್ಟಿದೆ. ಅವರು ಅದನ್ನೇ ಎಲ್ಲರಿಗೂ ತೋರಿಸಿ ನಗ್ತಾರೆ.

ನಾನು ವಯಸ್ಸಲ್ಲಿ ಚಿಕ್ಕವನು, ಎದುರು ಮಾತಾಡೋಕೆ ಆಗಲ್ಲ. ಪೆಟ್ರೋಲ್ ಬದಲು ಡೀಸೆಲ್ ಹಾಕಿದ್ರೆ ಪರವಾಗಿಲ್ವಾ? ಹಸಿ ಸೋಗೆಗೆ ಬೆಂಕಿ ಹಿಡಿಸಲು ಬೇರೆ ದಾರಿ ಏನಿದೆ? ಗೊತ್ತಿದ್ದವರು ಹೇಳಿ.

ತುಂಗೆಯ ದಡ
ಹುಬ್ಬು ಮಾತ್ರ ಹೋಯ್ತಲ್ಲ, ಪುಣ್ಯ ಮಾಡಿದ್ರು ಮಾರಾಯ್ರೆ.

ಗ್ಯಾರೇಜ್ ಗಾಳಿ
ಮೊದಲು ಕ್ಯಾನ್ ಅಡಗಿಸಿಡಿ. ಬುದ್ಧಿ ಆಮೇಲೆ ಹೇಳಿದ್ರಾಯ್ತು.

ಹಳೇ ಹಂಡೆ
ಇಷ್ಟಕ್ಕೆಲ್ಲ ಹೆದರಿದರೆ ತೋಟ ಮಾಡಿದ ಹಾಗೇ! ನಮ್ಮ ಅಪ್ಪನ ಕಾಲದಿಂದ ಬಚ್ಚಲ ಒಲೆಗೆ ಸೀಮೆಎಣ್ಣೆ ಹಾಕಿಯೇ ಬೆಂಕಿ ಮಾಡಿದ್ದು. ಆಗುಂಬೆ ಮಳೆಯಲ್ಲಿ ಸೌದೆ ಒಣಗಿದ್ದನ್ನು ಯಾರಾದ್ರೂ ಕಂಡಿದ್ದೀರಾ? ಒಂದು ಗೆರಟೆ ಸೀಮೆಎಣ್ಣೆ, ಒಂದು ಕಡ್ಡಿ, ಮುಗೀತು. ಯಾರ ಹುಬ್ಬೂ ಹೋಗಿಲ್ಲ. ಈಗಿನವರಿಗೆ ಎಲ್ಲದಕ್ಕೂ ಭಯ.

ಕೆಮಿಸ್ಟ್ರಿ ಮೇಷ್ಟ್ರು
ಹಂಡೆಯವರೇ, ನಿಮ್ಮ ಅನುಭವ ಸುಳ್ಳಲ್ಲ. ಆದರೆ ಅದು ಸೀಮೆಎಣ್ಣೆಯ ಅನುಭವ. ಅದನ್ನು ಪೆಟ್ರೋಲಿಗೆ ಹೊಂದಿಸಲು ಹೋದರೆ ಕೈ ಸುಡುತ್ತದೆ.

ಉರಿಯುವುದು ಎಣ್ಣೆಯಲ್ಲ, ಎಣ್ಣೆಯಿಂದ ಎದ್ದ ಆವಿ. ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡಬೇಕಾದರೆ ಸೀಮೆಎಣ್ಣೆ ಕಡಿಮೆ ಅಂದರೂ 35 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾಗಬೇಕು. ನಿಮ್ಮ ಬಚ್ಚಲ ಮನೆಯ ತಂಪಿನಲ್ಲಿ ಅದು ಸುಮ್ಮನೆ ಸೌದೆಗೆ ಅಂಟಿಕೊಂಡು ಕೂತಿರುತ್ತದೆ. ಕಡ್ಡಿ ತಾಗಿಸಿದ ಜಾಗ ಬಿಸಿಯಾಗಿ, ಅಲ್ಲಿಂದ ನಿಧಾನಕ್ಕೆ ಉರಿ ಹರಡುತ್ತದೆ. ಪೆಟ್ರೋಲಿಗೆ ಈ ಲೆಕ್ಕ ಮೈನಸ್ 40 ಡಿಗ್ರಿಯ ಆಸುಪಾಸು. ನಮ್ಮ ಧನುರ್ಮಾಸದ ಬೆಳಗಿನ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಸುರಿದ ಕ್ಷಣದಿಂದ ಆವಿ ಏಳುತ್ತಲೇ ಇರುತ್ತದೆ.

ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ. ನೆಲ ಹಿಡಿದು ಹರಿಯುತ್ತದೆ, ಇಳಿಜಾರಿಗೆ ಇಳಿಯುತ್ತದೆ, ಬಸಿಗಾಲುವೆಯಲ್ಲಿ ತುಂಬಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಗಾಳಿಯಲ್ಲಿ ನೂರಕ್ಕೆ ಸುಮಾರು 1.4ರಿಂದ 7.6 ಪಾಲು ಪೆಟ್ರೋಲ್ ಆವಿ ಇದ್ದರೆ ಸಾಕು, ಕಿಡಿಗೆ ಕಾಯುವ ಮದ್ದು ಅದು.

ಈಗ ನಿಮ್ಮ ಭಾವ ಮಾಡಿದ್ದನ್ನು ನೋಡಿ. ಸುರಿದರು, ಕ್ಯಾನ್ ಇಟ್ಟು ಬಂದರು, ಬೆಂಕಿಪೊಟ್ಟಣ ಹುಡುಕಿದರು. ಅಷ್ಟು ಹೊತ್ತೂ ಆವಿ ಹರಡುತ್ತಿತ್ತು. ಅವರು ಕಡ್ಡಿ ಗೀರುವಾಗ ನಿಂತಿದ್ದು ರಾಶಿಯಿಂದ ದೂರ ಇರಬಹುದು, ಆದರೆ ಆವಿಯ ಒಳಗೇ. ಮೊದಲು ಹೊತ್ತಿಕೊಳ್ಳುವುದು ಅವರ ಕೈಯ ಸುತ್ತಲಿನ ಗಾಳಿ.

ಸೋಗೆಮನೆ
ಮೇಷ್ಟ್ರೇ, ಅವರು ಹೇಳೋದು ದೂರದಿಂದ ಕಡ್ಡಿ ಎಸೆದರೆ ಏನೂ ಆಗಲ್ಲ ಅಂತ.

ಕೆಮಿಸ್ಟ್ರಿ ಮೇಷ್ಟ್ರು
ಎಷ್ಟು ದೂರ ಅಂತ ಯಾರು ಅಳೆದಿದ್ದಾರೆ? ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಹತ್ತಿರ ಹತ್ತಿರ 200 ಲೀಟರ್ ಆವಿ. ಅದು ಗಾಳಿ ಜೊತೆ ಬೆರೆತಾಗ ಒಂದು ಸಣ್ಣ ಕೋಣೆಯಷ್ಟು ಜಾಗ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ. ಅಂಗಳದಲ್ಲಿ ಗಾಳಿ ಯಾವ ಕಡೆ ಬೀಸುತ್ತದೋ ಆ ಕಡೆಗೆ ಹೋಗುತ್ತದೆ. ಅಲ್ಲಿ ಬಚ್ಚಲ ಒಲೆಯಲ್ಲಿ ಕೆಂಡ ಇದ್ದರೆ ಕಡ್ಡಿಯೂ ಬೇಡ.

ಹಳೇ ಹಂಡೆ
ಸರಿ ಮೇಷ್ಟ್ರೇ, ಪೆಟ್ರೋಲ್ ಬೇಡ ಒಪ್ಪಿದೆ. ಆದರೆ ಜನ ಪೆಟ್ರೋಲಿಗೆ ಯಾಕೆ ಹೋದರು ಅಂತಲೂ ಹೇಳಿ. ನಮ್ಮ ಕಡೆ ರೇಷನ್ನಿನಲ್ಲಿ ಆ ನೀಲಿ ಸೀಮೆಎಣ್ಣೆ ಬರುವುದು ನಿಂತುಹೋಯ್ತು. ಮನೆಯಲ್ಲಿ ಕೈಗೆ ಸಿಗುವುದು ಬೈಕಿನ ಪೆಟ್ರೋಲ್, ಮೆಷಿನ್ನಿನ ಪೆಟ್ರೋಲ್. ಅದನ್ನೇ ಸುರೀತಾರೆ. ಸೀಮೆಎಣ್ಣೆ ಸಿಗೋ ಹಾಗಿದ್ರೆ ಈ ಚರ್ಚೆಯೇ ಬೇಡವಾಗಿತ್ತು.

ಮಳೆಹುಳ
ಹಂಡೆ ಮಾವ ಹೇಳಿದ್ದರಲ್ಲಿ ಒಂದು ಸತ್ಯ ಇದೆ. ಸೀಮೆಎಣ್ಣೆ ಹಾಕಿದ ಕೈ ಅದೇ ಅಳತೆಯಲ್ಲಿ ಪೆಟ್ರೋಲ್ ಹಾಕುತ್ತದೆ. ಅಭ್ಯಾಸ ಹಾಗೇ ಉಳಿದಿದೆ, ಕ್ಯಾನ್ ಒಳಗಿನ ಸಾಮಾನು ಬದಲಾಗಿದೆ.

ಗ್ಯಾರೇಜ್ ಗಾಳಿ
ಡೀಸೆಲ್ ಬಗ್ಗೆ ಕೇಳಿದ್ರಲ್ಲ. ತಣ್ಣಗಿರುವ ರಾಶಿಗೆ ಹಾಕಿದ್ರೆ ಡೀಸೆಲ್ ಪೆಟ್ರೋಲಿನಷ್ಟು ಹಾರುವುದಿಲ್ಲ, ನಿಜ. ಸೀಮೆಎಣ್ಣೆಯ ಜಾತಿಯದ್ದೇ. ಆದರೆ ಅದನ್ನು ಬಿಸಿ ಕೆಂಡದ ಮೇಲೆ ಹಾಕಿ ನೋಡಿದವರಿಗೆ ಗೊತ್ತು. ಮೊದಲು ದಪ್ಪ ಬಿಳಿ ಹೊಗೆ ಏಳುತ್ತೆ. ಅದು ಹೊಗೆ ಅಲ್ಲ, ಡೀಸೆಲ್ಲಿನ ಆವಿ. ಎಲ್ಲಿಂದಲೋ ಒಂದು ಕಿಡಿ ತಾಗಿತು ಅಂದ್ರೆ ಆ ಬಿಳಿ ಮೋಡ ಪೂರ್ತಿ ಭುಗ್ ಅನ್ನುತ್ತೆ. ಬಗ್ಗಿ ನೋಡುತ್ತಿದ್ದವನ ಮುಖ ಅಲ್ಲೇ ಇರುತ್ತೆ.

ಇನ್ನೊಂದು, ಕೆಲವರು ಅರ್ಧ ಡೀಸೆಲ್ ಅರ್ಧ ಪೆಟ್ರೋಲ್ ಬೆರೆಸಿ ಇದು ಸೇಫ್ ಅಂತಾರೆ. ಸೇಫೂ ಇಲ್ಲ, ಗೀಫೂ ಇಲ್ಲ. ಸ್ವಲ್ಪ ಪೆಟ್ರೋಲ್ ಬೆರೆತರೂ ಅದು ಪೆಟ್ರೋಲಿನ ಹಾಗೇ ಆವಿ ಬಿಡುತ್ತೆ. ಹುಲ್ಲು ಮೆಷಿನ್ನಿನ ಟೂಟಿ ಆಯಿಲ್ ಬೆರೆಸಿದ ಪೆಟ್ರೋಲೂ ಅಷ್ಟೇ. ಬಣ್ಣ ಬದಲಾಗಿರುತ್ತೆ, ಗುಣ ಬದಲಾಗಿರಲ್ಲ. ಪೇಂಟಿನ ಥಿನ್ನರ್ ಕೂಡ ಇದೇ ಸಾಲಿಗೆ.

ಬೆಂಗ್ಳೂರು ಬಸ್ಸು
ನಾವು ರಜೆಗೆ ಬಂದಾಗ ಕೊರೊನಾ ಟೈಮಿನ ಸ್ಯಾನಿಟೈಸರ್ ಉಳಿದಿತ್ತು ಅಂತ ಅಂಗಳದ ಬೆಂಕಿಗೆ ಅದನ್ನೇ ಹಾಕ್ತಿದ್ರು ಒಬ್ಬರು. ಉರಿ ಕಾಣ್ತಾನೇ ಇರಲಿಲ್ಲ, ಹೊತ್ತಿಲ್ಲ ಅಂತ ಮತ್ತೆ ಮತ್ತೆ ಹಾಕ್ತಿದ್ರು.

ಕೆಮಿಸ್ಟ್ರಿ ಮೇಷ್ಟ್ರು
ಅಯ್ಯೋ, ಅದಿನ್ನೂ ಕೆಟ್ಟದ್ದು. ಸ್ಪಿರಿಟ್ಟಿನ ಉರಿ ತೆಳು ನೀಲಿ. ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ಸುರಿದರೆ ಉರಿ ಬಾಟಲಿಯ ತನಕ ಏರುತ್ತದೆ.

ಮಳೆಹುಳ
ಬಾಟಲಿ ಅಂದ ಕೂಡಲೇ ನೆನಪಾಯ್ತು. ನಮ್ಮ ಊರಿನ ಹತ್ತಿರದ ಒಂದು ಹೋಂಸ್ಟೇಯಲ್ಲಿ ಆಗಿದ್ದು. ಹೆಸರು ಬೇಡ. ರಾತ್ರಿ ಕ್ಯಾಂಪ್ ಫೈರ್ ಅಂತ ಸುತ್ತ ಕುರ್ಚಿ ಹಾಕಿ ಅತಿಥಿಗಳು ಕೂತಿದ್ದರು. ಬೆಂಕಿ ಮಂಕಾಯಿತು. ಕೆಲಸದ ಹುಡುಗ ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿದ್ದ ಪೆಟ್ರೋಲನ್ನು ನಿಂತಲ್ಲಿಂದಲೇ ಕೆಂಡಕ್ಕೆ ಚಿಮ್ಮಿಸಿದ. ಉರಿ ಆ ಧಾರೆ ಹಿಡಿದು ಬಾಟಲಿಗೆ ಬಂತು. ಅವನು ಗಾಬರಿಯಲ್ಲಿ ಬಾಟಲಿ ಎಸೆದ. ಯಾರಾದರೂ ಅದನ್ನೇ ಮಾಡ್ತಿದ್ರು ಬಿಡಿ. ಅದು ಎದುರು ಕೂತಿದ್ದ ಹುಡುಗಿಯ ಕಾಲ ಬುಡದಲ್ಲಿ ಬಿತ್ತು. ಅವಳು ಹಾಕಿದ್ದು ಪಾಲಿಯೆಸ್ಟರ್ ಪ್ಯಾಂಟ್. ಬಟ್ಟೆ ಕರಗಿ ಚರ್ಮಕ್ಕೆ ಅಂಟಿಕೊಂಡಿತ್ತು.

ಆ ಹುಡುಗನಿಗೆ ಎರಡು ಬೆರಳಿಗೆ ಸ್ವಲ್ಪ ಗಾಯ, ಅಷ್ಟೇ. ಸುರಿದವನಿಗಿಂತ ಎದುರು ಕೂತವರಿಗೇ ಜಾಸ್ತಿ ಆಯ್ತು. ಇದನ್ನು ನಿಮ್ಮ ಭಾವನಿಗೆ ಹೇಳಿ. ಅವರ ಹುಬ್ಬು ಅವರಿಷ್ಟ, ಪಕ್ಕದಲ್ಲಿ ಮಕ್ಕಳು ನಿಂತಿರ್ತಾರಲ್ಲ.

ಕೆಮಿಸ್ಟ್ರಿ ಮೇಷ್ಟ್ರು
ಹೌದು. ಅರ್ಧ ಖಾಲಿಯಾದ ಬಾಟಲಿಯಲ್ಲಿ ಮೇಲ್ಗಡೆ ಆವಿ ಮತ್ತು ಗಾಳಿ ತುಂಬಿರುತ್ತದೆ. ಉರಿ ಬಾಯಿಯೊಳಗೆ ನುಗ್ಗಿದರೆ ಒಳಗಿದ್ದದ್ದು ಕಿರಿದಾದ ಕತ್ತಿನಿಂದ ಬೆಂಕಿಯ ಧಾರೆಯಾಗಿ ಹೊರಗೆ ಹಾರುತ್ತದೆ. ಬಾಟಲಿಯ ಬಾಯಿ ಯಾರ ಕಡೆ ಇದೆಯೋ ಅವರಿಗೆ. ಹಾಗಾಗಿ ತುಂಬಿದ ಕ್ಯಾನಿಗಿಂತ ಕೊನೆಯಲ್ಲಿ ಸ್ವಲ್ಪ ಉಳಿದ ಬಾಟಲಿಯೇ ಮೋಸಗಾರ.

ದರಗು ಗೊಬ್ಬರ
ನನಗೆ ಅರ್ಥವಾಗದ್ದು ಬೇರೆ. ಸುಡೋದೇ ಯಾಕೆ? ಮಲೆನಾಡಿನಲ್ಲಿ ದರಗು (ಉದುರಿದ ಒಣ ಎಲೆ), ಸೊಪ್ಪು ಅಂದ್ರೆ ಬಂಗಾರ. ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡಿ, ಮರದ ಬುಡಕ್ಕೆ ಮುಚ್ಚಿಗೆ ಮಾಡಿ. ಸೊಪ್ಪಿನ ಬೆಟ್ಟದಿಂದ ಹೊತ್ತು ತಂದು ಹಾಕ್ತಿದ್ದ ಜನ ಈಗ ಮನೆ ಬಾಗಿಲಿನ ಎಲೆಗೆ ಪೆಟ್ರೋಲ್ ಸುರೀತಾರೆ. ಹಣ ಕೊಟ್ಟು ಗೊಬ್ಬರ ತಂದು, ಹಣ ಕೊಟ್ಟು ಎಲೆ ಸುಡೋದು!

ಸೋಗೆಮನೆ
ಅಣ್ಣಾ, ನಾನು ಮೊದಲ ಸಾಲಲ್ಲೇ ಬರೆದಿದ್ದೀನಿ. ಇದು ಎಲೆಚುಕ್ಕಿ ಬಂದ ಸೋಗೆ. ತೋಟದಲ್ಲೇ ಬಿಟ್ಟರೆ ಮಳೆ ಹನಿ, ಗಾಳಿಯಲ್ಲಿ ಮತ್ತೆ ಹರಡುತ್ತೆ. ಶಿಲೀಂಧ್ರ ಅದು.

ದರಗು ಗೊಬ್ಬರ
ರೋಗದ್ದು ಸುಡಿ, ಬೇಡ ಅಂದಿಲ್ಲ. ಆದರೆ ಆ ರಾಶಿಗೆ ಒಳ್ಳೆ ಎಲೆ, ಬಾಳೆ ದಿಂಡು, ಪ್ಲಾಸ್ಟಿಕ್ ಚೀಲ ಎಲ್ಲ ಸೇರಿಸ್ತಾರಲ್ಲ, ಅದಕ್ಕೆ ಹೇಳಿದ್ದು. ರಾಶಿ ದೊಡ್ಡದಾದಷ್ಟೂ ಹೊತ್ತಲ್ಲ, ಹೊತ್ತದಿದ್ದಷ್ಟೂ ಪೆಟ್ರೋಲ್.

ತುಂಗೆಯ ದಡ
ಬಾಳೆ ದಿಂಡಿಗೆ ಬೆಂಕಿ ಹಚ್ಚೋಕೆ ಹೋಗುವವರಿಗೆ ನನ್ನ ನಮಸ್ಕಾರ 😀

ಅಟ್ಟದ ಅಡಿಕೆ
ಕೆಲಸದ ಮಾತಿಗೆ ಬರೋಣ. ಹಸಿ ಸೋಗೆಗೆ ನೇರ ಬೆಂಕಿ ಹಿಡಿಸೋಕೆ ಹೋಗಬಾರದು. ಏನು ಸುರಿದರೂ ಅಷ್ಟೇ. ಪೆಟ್ರೋಲ್ ಸುರಿದಾಗ ನೋಡಿ, ದೊಡ್ಡ ಉರಿ ಎದ್ದು, ಸ್ವಲ್ಪ ಹೊತ್ತಿಗೆ ಇಳಿದು, ಸೋಗೆ ಹಾಗೇ ಹಸಿರಾಗಿ ಹೊಗೆ ಬಿಡ್ತಾ ಕೂತಿರುತ್ತೆ. ಉರಿದದ್ದು ಪೆಟ್ರೋಲ್ ಮಾತ್ರ. ಒಳಗಿನ ನೀರು ಆರಬೇಕಾದ್ರೆ ಹೊತ್ತು ನಿಲ್ಲುವ ಕೆಂಡ ಬೇಕು.

ನಾವು ಮಾಡೋದು ಹೀಗೆ. ಮೊದಲು ಒಣ ಸಾಮಾನಿನ ಸಣ್ಣ ಬೆಂಕಿ. ಒಣಗಿದ ತೆಂಗಿನ ಗರಿ, ಅದರ ಮೇಲೆ ಗೆರಟೆ, ಅದರ ಮೇಲೆ ಸೀಳಿದ ಸೌದೆ. ಕೆಳಗೆ ಎರಡು ದಪ್ಪ ಕುಂಟೆ ಅಡ್ಡ ಇಟ್ಟು, ಗಾಳಿ ಆಡುವಷ್ಟು ಸಂದು ಬಿಡಬೇಕು. ಕೆಂಡ ಚೆನ್ನಾಗಿ ಕೂತ ಮೇಲೆ ಹಸಿ ಸೋಗೆ ಒಂದೊಂದೇ ಹಾಕುತ್ತಾ ಹೋಗೋದು. ಒಂದು ಉರಿಯುವಾಗ ಪಕ್ಕದ್ದು ಒಣಗುತ್ತಾ ಇರುತ್ತೆ. ಹೊತ್ತು ಹಿಡಿಯುತ್ತೆ, ಇಲ್ಲ ಅನ್ನಲ್ಲ. ಆದರೆ ಪೆಟ್ರೋಲ್ ಸುರಿದು ಮೂರು ಸಲ ಹಚ್ಚಿ ಮೂರು ಸಲ ಆರೋದಕ್ಕಿಂತ ಬೇಗ ಮುಗಿಯುತ್ತೆ.

ಅಡಿಕೆ ಬೇಯಿಸುವ ಸಮಯ ಆದ್ರೆ ಇನ್ನೂ ಸುಲಭ. ಹಂಡೆ ಒಲೆ ಹೇಗೂ ದಿನವಿಡೀ ಉರೀತಿರುತ್ತೆ. ರೋಗದ ಸೋಗೆ ತುಂಡು ಮಾಡಿ ಅದಕ್ಕೇ ತಳ್ಳಿ.

ಕೊಪ್ಪದ ಕಂಬಳಿ
ಊದುಕೊಳವೆ ಮರೆತ್ರಾ? ಉದ್ದದ ಕಬ್ಬಿಣದ ಕೊಳವೆ ಒಂದಿದ್ರೆ ಬುಡಕ್ಕೆ ಗಾಳಿ ಊದಿ ಎಂಥ ಮಂಕು ಬೆಂಕಿಯನ್ನಾದ್ರೂ ಎಬ್ಬಿಸಬಹುದು. ಬೆಂಕಿಗೆ ಬೇಕಾಗಿರೋದು ಬಹಳ ಸಲ ಎಣ್ಣೆ ಅಲ್ಲ, ಗಾಳಿ. ಈಗ ಅಡಿಕೆ ಒಲೆಗೆ ಕರೆಂಟಿನ ಬ್ಲೋವರ್ ಇಟ್ಟುಕೊಂಡವರೂ ಇದ್ದಾರೆ.

ಮಳೆಹುಳ
ಹೊತ್ತಿಸೋಕೆ ನಾವು ಅಮ್ಮನ ಉಪಾಯ ಮಾಡ್ತೀವಿ. ಮೊಟ್ಟೆಯ ರಟ್ಟಿನ ಟ್ರೇ ಇರುತ್ತಲ್ಲ, ಅದರ ಗುಂಡಿಗಳಿಗೆ ಮರದ ಹೊಟ್ಟು ತುಂಬಿ, ಉಳಿದ ಮೇಣದಬತ್ತಿ ಕರಗಿಸಿ ಹೊಯ್ಯೋದು. ಆರಿದ ಮೇಲೆ ಒಂದೊಂದು ಗುಂಡಿ ಕತ್ತರಿಸಿ ಡಬ್ಬದಲ್ಲಿ ಇಟ್ಟರೆ ಮಳೆಗಾಲ ಪೂರ್ತಿ ಬರುತ್ತೆ. ಒಂದು ತುಂಡು ಸಾಕು, ತುಂಬಾ ಹೊತ್ತು ಉರಿಯುತ್ತೆ. ಮೇಣವನ್ನು ಮಾತ್ರ ನೇರ ಒಲೆ ಮೇಲಿಟ್ಟು ಕರಗಿಸಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ.

ಹಳೇ ಹಂಡೆ
ಮೊಟ್ಟೆ ಟ್ರೇ ನಮ್ಮ ಮನೆಗೆ ಬರಲ್ಲ ಮಾರಾಯ್ತಿ 😀

ಮಳೆಹುಳ
ಹಾಗಾದ್ರೆ ಅಡಿಕೆ ಹಾಳೆ ತುಂಡಿನಲ್ಲಿ ಕಟ್ಟಿ ಮಾವ. ಇಲ್ಲ, ಎರಡು ಕರ್ಪೂರ ಸಾಕು.

ಗೇರುಬೀಜ
ಗೇರು ಸಿಪ್ಪೆ ಹಾಕಿ, ಚೆನ್ನಾಗಿ ಹತ್ತುತ್ತೆ. ಅದರಲ್ಲೇ ಎಣ್ಣೆ ಇದೆ.

ಅಟ್ಟದ ಅಡಿಕೆ
ಹತ್ತುತ್ತೆ, ಆದರೆ ಆ ಎಣ್ಣೆ ಚರ್ಮಕ್ಕೆ ತಾಗಿದ್ರೆ ಗುಳ್ಳೆ ಏಳುತ್ತೆ. ಹೊಗೆ ಕಣ್ಣಿಗೆ ವಿಪರೀತ ಉರಿ. ಮನೆ ಹತ್ತಿರ ಬೇಡ.

ಬೆಂಗ್ಳೂರು ಬಸ್ಸು
ಒಂದು ಡೌಟು. ಅಕಸ್ಮಾತ್ ಮೈಗೆ ಬೆಂಕಿ ಹತ್ತಿದರೆ ಏನು ಮಾಡಬೇಕು? ಅಜ್ಜಿ ಹೇಳ್ತಿದ್ರು ಟೂತ್‌ಪೇಸ್ಟ್ ಹಚ್ಚಬೇಕು ಅಂತ.

ಗೇರುಬೀಜ
ಜೇನುತುಪ್ಪ ಹಚ್ಚಿ ಬಾಳೆಲೆ ಮೇಲೆ ಮಲಗಿಸಬೇಕು. ನಮ್ಮ ಕಡೆ ಹಾಗೇ ಮಾಡೋದು.

ರಾತ್ರಿ ಪಾಳಿ
ನಾನು ನರ್ಸ್. ದಯವಿಟ್ಟು ಇದನ್ನು ಪೂರ್ತಿ ಓದಿ.

ಬಟ್ಟೆಗೆ ಬೆಂಕಿ ಹಿಡಿದರೆ ಓಡಬಾರದು. ಓಡಿದಷ್ಟೂ ಗಾಳಿ ಸಿಕ್ಕಿ ಉರಿ ಮುಖಕ್ಕೆ ಏರುತ್ತದೆ. ನಿಂತಲ್ಲೇ ನೆಲಕ್ಕೆ ಮಲಗಿ, ಎರಡೂ ಕೈಯಿಂದ ಮುಖ ಮುಚ್ಚಿ ಉರುಳಬೇಕು. ಪಕ್ಕದಲ್ಲಿದ್ದವರು ಉಣ್ಣೆಯ ಕಂಬಳಿ ಹೊದಿಸಿ ಅದುಮಬೇಕು. ಉಣ್ಣೆಗೆ ಬೇಗ ಬೆಂಕಿ ಹಿಡಿಯುವುದಿಲ್ಲ. ಅಂಗಡಿಯ ನುಣುಪು ಹೊದಿಕೆಗಳು ಪಾಲಿಯೆಸ್ಟರ್, ಅವು ಬೇಡ.

ಉರಿ ಆರಿದ ಮೇಲೆ ಮೊದಲ ಔಷಧಿ ನೀರು. ನಲ್ಲಿಯ ಹರಿಯುವ ತಣ್ಣೀರು, 20 ನಿಮಿಷ. ಎರಡು ಚೊಂಬು ಹೊಯ್ದು ಬಿಡುವುದಲ್ಲ. ಚರ್ಮದ ಒಳಗೆ ಸೇರಿದ ಬಿಸಿ ಇಳಿಯಲು ಅಷ್ಟು ಹೊತ್ತು ಬೇಕು. ನೀರು ಹಾಕಲು ತಡವಾಗಿದ್ದರೂ ಹಾಕಿ, ಮೂರು ಗಂಟೆಯೊಳಗೆ ಹಾಕಿದರೂ ಪ್ರಯೋಜನ ಇದೆ. ಐಸ್ ಬೇಡ. ಸಣ್ಣ ಮಕ್ಕಳಾದರೆ, ಅಥವಾ ಗಾಯ ಮೈತುಂಬಾ ಇದ್ದರೆ, ಮೈ ಪೂರ್ತಿ ತಣ್ಣಗಾಗದ ಹಾಗೆ ಗಾಯದ ಜಾಗಕ್ಕೆ ಮಾತ್ರ ನೀರು ಬಿಡಿ, ಉಳಿದ ಮೈ ಬೆಚ್ಚಗಿರಲಿ. ಉಂಗುರ, ಬಳೆ, ವಾಚು ಬೇಗ ತೆಗೆಯಿರಿ, ಊತ ಬಂದ ಮೇಲೆ ತೆಗೆಯಲು ಆಗುವುದಿಲ್ಲ. ಪೆಟ್ರೋಲ್ ನೆನೆದ ಬಟ್ಟೆ ತೆಗೆಯಬೇಕು, ಆದರೆ ಚರ್ಮಕ್ಕೆ ಅಂಟಿದ್ದನ್ನು ಎಳೆಯಬಾರದು. ಆಮೇಲೆ ಶುಭ್ರವಾದ ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ ಕರೆದುಕೊಂಡು ಬನ್ನಿ.

ಟೂತ್‌ಪೇಸ್ಟ್, ಇಂಕು, ಅರಿಸಿನ, ಬೆಣ್ಣೆ ಏನೂ ಬೇಡ. ನಾವು ಅದನ್ನೆಲ್ಲ ಉಜ್ಜಿ ತೊಳೆದೇ ಗಾಯ ನೋಡಬೇಕು. ಆ ನೋವು ನಿಮಗೇ. ಗೇರುಬೀಜ ಅವರೇ, ಬಾಳೆಲೆಯನ್ನು ಶುದ್ಧಗೊಳಿಸಿ ಆಸ್ಪತ್ರೆಗಳಲ್ಲಿ ಗಾಯದ ಮೇಲಿನ ಹೊದಿಕೆಯಾಗಿ ಬಳಸಿದ್ದು ನಿಜ. ತೋಟದಿಂದ ಕೊಯ್ದು ತಂದ ಎಲೆಯ ಕಥೆ ಬೇರೆ.

ಮುಖ, ಕೈ, ಕೀಲು, ಗುಪ್ತಾಂಗ ಸುಟ್ಟಿದ್ದರೆ ಗಾಯ ಸಣ್ಣದು ಅಂತ ಮನೆಯಲ್ಲಿ ಕೂರಬೇಡಿ. ಮೂಗಿನ ಕೂದಲು ಸುಟ್ಟಿದ್ದರೆ, ಧ್ವನಿ ಗೊಗ್ಗರಾಗಿದ್ದರೆ, ಉಸಿರುಕೊಳವೆಗೆ ಬಿಸಿ ಹೋಗಿರಬಹುದು. ಆಗ ಮಾತಾಡುತ್ತಿರುವ ಮನುಷ್ಯ ಸ್ವಲ್ಪ ಹೊತ್ತಿಗೆ ಉಸಿರಿಗೆ ಒದ್ದಾಡಬಹುದು. 108ಕ್ಕೆ ಫೋನ್ ಮಾಡಿ.

ಸೋಗೆಮನೆ
ಸಿಸ್ಟರ್, ಭಾವನ ಹುಬ್ಬು ಸುಟ್ಟಿದ್ದಕ್ಕೆ ಈಗ ತೋರಿಸಬೇಕಾ? ಧ್ವನಿ ಎಲ್ಲ ಸರಿ ಇದೆ, ಜಾಸ್ತಿನೇ ಇದೆ.

ರಾತ್ರಿ ಪಾಳಿ
ಇಷ್ಟು ದಿನ ಆಗಿ ಉಸಿರು ಸರಿ ಇದೆ ಅಂದ್ರೆ ಆ ಭಯ ಇಲ್ಲ. ಕಣ್ಣು ಕೆಂಪಾಗಿದ್ರೆ, ಮಂಜಾಗಿ ಕಾಣ್ತಿದ್ರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಕೇಳಿ.

ಕೊಪ್ಪದ ಕಂಬಳಿ
ನಮ್ಮ ಕಂಬಳಿಗೆ ಕೊನೆಗೂ ಒಂದು ಬೆಲೆ ಬಂತು. ಸಿಸ್ಟರ್ ಮಾತಿಗೆ ಒಂದು ಸೇರಿಸ್ತೀನಿ. ಸಣ್ಣ ತೊರೆಗಳು, ಅಡ್ಡ ಮರಗಳು, ನೆಟ್‌ವರ್ಕ್ ಇಲ್ಲದ ಮನೆಗಳು ನಮ್ಮವು. ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಬರೋಕೇ ಹೊತ್ತು ಬೇಕು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಮುಟ್ಟೋದು ಆಮೇಲಿನ ಮಾತು. ಆಂಬುಲೆನ್ಸ್ ಎಲ್ಲಿಗೆ ಬರುತ್ತೆ, ಅಲ್ಲಿಗೆ ನಾವು ಯಾವ ಜೀಪಿನಲ್ಲಿ ಹೋಗಬೇಕು ಅಂತ ಬೆಂಕಿ ಹಚ್ಚೋಕೆ ಮೊದಲೇ ಗೊತ್ತಿರಬೇಕು. ಪೇಟೆಯವರ ಹಾಗೆ ಧೈರ್ಯ ನಮಗೆ ನಡೆಯಲ್ಲ.

ಬೆಂಗ್ಳೂರು ಬಸ್ಸು
ಪೇಟೆಯವರನ್ನ ಯಾಕೆ ಎಳೀತೀರಿ ಸ್ವಾಮಿ 😅

ತುಂಗೆಯ ದಡ
ದರಗು ಸುಡೋ ವಿಷಯಕ್ಕೆ ಇನ್ನೊಂದು. ನಮ್ಮ ಕಡೆ ಉಣುಗಿಗೆ (ರಕ್ತ ಹೀರುವ ಉಣ್ಣಿ) ಹೆದರಿ ಸುಡ್ತಾರೆ. ಮಂಗನ ಕಾಯಿಲೆ ಬರೋದು ಅದರಿಂದಲೇ ಅಲ್ವಾ? ಸುಟ್ಟರೆ ಉಣುಗು ಸಾಯುತ್ತೆ ಅಂತ.

ಕೆಮಿಸ್ಟ್ರಿ ಮೇಷ್ಟ್ರು
ಉಣುಗಿನಿಂದ ಬರುವುದು ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ ಮೊದಲು ಗೊತ್ತಾದ ಕಾಯಿಲೆ, ಹೆಸರೂ ಅಲ್ಲಿಂದಲೇ. ಮಳೆಗಾಲ ಕಳೆದು ಬೇಸಿಗೆ ಮುಗಿಯುವ ತನಕ ಅದರ ಕಾಟ. ಆದರೆ ಅದೇ ತಿಂಗಳುಗಳಲ್ಲಿ ಕಾಡೂ ಒಣಗಿರುತ್ತದೆ. ಉಣುಗು ಸುಡಲು ಹೋಗಿ ಗುಡ್ಡ ಸುಟ್ಟರೆ? ಮೈಗೆ ಉಣುಗು ಹತ್ತದ ಹಾಗೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಮೈ ಮುಚ್ಚುವ ಬಟ್ಟೆ ಹಾಕಿ, ಕಾಡಿನಿಂದ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆರೋಗ್ಯ ಇಲಾಖೆಯವರಿಗೆ ತಿಳಿಸಿ. ನಾವೇ ಪೆಟ್ರೋಲ್ ಹಾಕಿ ಸುಡೋಣ ಅಂತ ಹೊರಡಬೇಡಿ.

ದರಗು ಗೊಬ್ಬರ
ಗುಡ್ಡ ಅಂದ್ರಲ್ಲ, ಅದು ಸರಿ. ಮಾಘ ಕಳೆದ ಮೇಲೆ ಸಂಜೆ ಗಾಳಿಯಲ್ಲಿ ಬೇಣದ ಒಣ ಹುಲ್ಲಿಗೆ ಒಂದು ಕಿಡಿ ಹಾರಿದ್ರೆ ಹಿಡಿಯೋಕೆ ಆಗಲ್ಲ. ಸುಡಲೇಬೇಕಾದವರು ಬೆಳಗ್ಗೆ ಇಬ್ಬನಿ ಇರುವಾಗಲೇ ಮುಗಿಸಿ. ಸುತ್ತ ನೆಲ ಕೆರೆದು, ಪೈಪು ಎಳೆದಿಟ್ಟುಕೊಂಡು ಹಚ್ಚಿ. ಕರೆಂಟ್ ಲೈನಿನ ಕೆಳಗೆ ಬೇಡ.

ಗ್ಯಾರೇಜ್ ಗಾಳಿ
ಪೈಪು ಇಟ್ಟುಕೊಳ್ಳಿ, ಸರಿ. ಆದರೆ ಪೆಟ್ರೋಲ್ ಚೆಲ್ಲಿ ಉರೀತಿದ್ರೆ ಅದರ ಮೇಲೆ ನೀರು ಹೊಡೀಬೇಡಿ. ಪೆಟ್ರೋಲ್ ನೀರಿನ ಮೇಲೆ ತೇಲಿ, ಉರಿ ಸಮೇತ ಹರಿಯುತ್ತೆ. ಮಣ್ಣು, ಮರಳು ಹಾಕಿ ಮುಚ್ಚಬೇಕು.

ಹಳೇ ಹಂಡೆ
ಬೂದಿಯ ಬಗ್ಗೆ ಯಾರೂ ಹೇಳಲಿಲ್ಲ. ನಿನ್ನೆಯ ರಾಶಿ ಮೇಲೆ ಬೂದಿ ಬೆಳ್ಳಗೆ ಕೂತಿರುತ್ತೆ, ಒಳಗೆ ಕೆಂಡ ಹಾಗೇ ಇರುತ್ತೆ. ಅಡಿಕೆ ಸಿಪ್ಪೆ ರಾಶಿಯಂತೂ ಒಳಗೊಳಗೇ ದಿನಗಟ್ಟಲೆ ಬೇಯುತ್ತೆ. ಆರಿದೆ ಅಂತ ಅದರ ಮೇಲೆ ಹೊಸ ಸೋಗೆ ಹಾಕಿ ಸುರಿಯೋಕೆ ಹೋದ್ರೆ ಕಡ್ಡಿ ಗೀರೋದೇ ಬೇಡ. ಇದು ಸೀಮೆಎಣ್ಣೆಗೂ ಸರಿಯೇ. ನಮ್ಮ ಬಚ್ಚಲಲ್ಲಿ ಬಿಸಿ ಒಲೆಗೆ ಸೀಮೆಎಣ್ಣೆ ಹಾಕಿದ್ರೆ ಅಪ್ಪ ಬೆನ್ನಿಗೆ ಬಾರಿಸ್ತಿದ್ರು.

ಕೆಮಿಸ್ಟ್ರಿ ಮೇಷ್ಟ್ರು
ಹಂಡೆಯವರೇ, ಇದನ್ನು ಮೊದಲೇ ಬರೆದಿದ್ದರೆ ನಾನು ಇಷ್ಟುದ್ದ ಬರೆಯಬೇಕಿರಲಿಲ್ಲ.

ಗೇರುಬೀಜ
ಬಾಟಲಿಗೆ ಪೆಟ್ರೋಲ್ ಹಾಕೋದೇ ಕಾನೂನಿಗೆ ವಿರುದ್ಧ ಅಲ್ವಾ? ಬಂಕಿನಲ್ಲಿ ಕೊಡಲ್ಲ ಅಂತಾರೆ ಕೆಲವು ಕಡೆ.

ಗ್ಯಾರೇಜ್ ಗಾಳಿ
1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್ ತನಕ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಬಿಗಿಯಾದ ಮುಚ್ಚಳ ಇರುವ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಯಲ್ಲಿ. ಗಾಜು, ಪಿಂಗಾಣಿ ಆದ್ರೆ ಒಂದು ಲೀಟರ್ ಮೀರಬಾರದು, ಲೋಹದ್ದು 25 ಲೀಟರ್. ನೀರಿನ ಪ್ಲಾಸ್ಟಿಕ್ ಬಾಟಲಿ ಈ ಪಟ್ಟಿಯಲ್ಲೇ ಇಲ್ಲ. ಅದೂ ಅಲ್ಲದೆ ಮನೆಯಲ್ಲಿ ಮಕ್ಕಳು ನೀರು ಅಂತ ಕುಡಿದ್ರೆ? ಕುಡಿದವರಿಗೆ ವಾಂತಿ ಮಾಡಿಸಬಾರದು, ಶ್ವಾಸಕೋಶಕ್ಕೆ ಹೋಗುತ್ತೆ. ಅಲ್ವಾ ಸಿಸ್ಟರ್?

ರಾತ್ರಿ ಪಾಳಿ
ಹೌದು. ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ.

ನಿರ್ವಾಹಕ
ಚರ್ಚೆ ಚೆನ್ನಾಗಿದೆ. ಹೋಂಸ್ಟೇ ಯಾವುದು ಅಂತ ಕೇಳಿ ಇಬ್ಬರು ಬರೆದಿದ್ದರು, ಅವನ್ನು ತೆಗೆದಿದ್ದೇನೆ. ಹೆಸರು ಬೇಡ.

ಸೋಗೆಮನೆ
ಎಲ್ಲರಿಗೂ ಥ್ಯಾಂಕ್ಸ್. ಭಾವನಿಗೆ ನಾನೇನೂ ಹೇಳಲಿಲ್ಲ. ಮೇಷ್ಟ್ರು ಬರೆದಿದ್ದನ್ನೂ ಹೋಂಸ್ಟೇ ಕಥೆಯನ್ನೂ ಅಕ್ಕನಿಗೆ ಓದಿ ಹೇಳಿದೆ. ರಾತ್ರಿ ಊಟದ ಹೊತ್ತಿಗೆ ಅವರ ಮನೆಯಲ್ಲಿ ದೊಡ್ಡ ಸಭೆ ಆಯ್ತಂತೆ. ಬೆಳಗ್ಗೆ ಭಾವ ತಾವೇ ತೆಂಗಿನ ಗರಿ ಒಟ್ಟು ಮಾಡ್ತಿದ್ರು. ಪೂರ್ತಿ ಒಪ್ಪಿದ್ದಾರೆ ಅಂತಲ್ಲ. ಇದೆಲ್ಲ ಹೆಂಗಸರ ಹೆದರಿಕೆ ಅಂತ ಗೊಣಗ್ತಾ ಇದ್ರು. ಕ್ಯಾನ್ ಈಗ ಅಕ್ಕನ ವಶ. ಬಚ್ಚಲ ಮನೆಯ ಅಟ್ಟದ ಮೇಲೆ ಇಟ್ಟಿದ್ದಾಳೆ, ಅಲ್ಲಿಗೆ ಭಾವನ ಕೈ ಹೋಗಲ್ಲ ಅಂತ.

ಗ್ಯಾರೇಜ್ ಗಾಳಿ
ಮಾರಾಯಾ, ಬಚ್ಚಲ ಮನೆಯಾ?! ಕೆಳಗೆ ಒಲೆ ಉರೀತಿರುತ್ತಲ್ಲೋ! ಆವಿ ಕೆಳಗೆ ಇಳಿಯುತ್ತೆ ಅಂತ ಮೇಷ್ಟ್ರು ಹೇಳಿದ್ದು ಓದಿದ್ಯಾ ಇಲ್ವಾ? ಈಗಲೇ ಫೋನ್ ಮಾಡು.

ಸೋಗೆಮನೆ
ಮಾಡಿದೆ. ತೆಗೆಸಿದೆ. ಎಲ್ಲಿಡಬೇಕು?

ಗ್ಯಾರೇಜ್ ಗಾಳಿ
ಮನೆಯಿಂದ ಬೇರೆ ಇರುವ, ಗಾಳಿ ಆಡುವ ಶೆಡ್ಡಿನಲ್ಲಿ. ಒಲೆ, ಪಂಪಿನ ಸ್ವಿಚ್ಚು, ಇನ್ವರ್ಟರ್ ಯಾವುದೂ ಹತ್ತಿರ ಬೇಡ. ಬಿಸಿಲು ಬೀಳಬಾರದು. ಹಾರೆ, ಗುದ್ದಲಿ ಇಡುವ ಕೊಟ್ಟಿಗೆಯ ಮಾಡು ಇದ್ರೆ ಸಾಕು, ಬೀಗ ಇರಲಿ. ಒಂದು ವಾರಕ್ಕೆ ಬೇಕಾದಷ್ಟೇ ತನ್ನಿ.

ಅಟ್ಟದ ಅಡಿಕೆ
ಅದೂ ಸರಿ. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲ್ ತಿಂಗಳುಗಟ್ಟಲೆ ಇಟ್ಟರೆ ನಮ್ಮ ಹವೆಗೆ ನೀರು ಎಳ್ಕೊಳ್ಳುತ್ತೆ. ನಮ್ಮ ಹುಲ್ಲು ಮೆಷಿನ್ ಮಳೆಗಾಲ ಕಳೆದು ಎತ್ತಿದ್ರೆ ಸ್ಟಾರ್ಟೇ ಆಗಲಿಲ್ಲ.

ತುಂಗೆಯ ದಡ
ನಮ್ಮದೂ ಅದೇ ಕಥೆ. ಕಾರ್ಬುರೇಟರ್ ಬಿಚ್ಚಿಸಬೇಕಾ, ಸುಮ್ನೆ ಪೆಟ್ರೋಲ್ ಬದಲಾಯಿಸಿದ್ರೆ ಸಾಕಾ?

ಗ್ಯಾರೇಜ್ ಗಾಳಿ
ಹಳೇದು ಪೂರ್ತಿ ಬಸಿದು, ಪ್ಲಗ್ ಒರೆಸಿ, ಹೊಸದು ಹಾಕಿ ಎಳೆದು ನೋಡಿ. ಆಗಲಿಲ್ಲ ಅಂದ್ರೆ ಕಾರ್ಬುರೇಟರ್. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರೀತೀನಿ. ಬಸಿದ ಹಳೇ ಪೆಟ್ರೋಲನ್ನ ಮಾತ್ರ ಕಸದ ರಾಶಿಗೆ ಹೊಯ್ಯಬೇಡಿ, ಗ್ಯಾರೇಜಿಗೆ ತಂದುಕೊಡಿ.